ನಿಂತ ಮೋಟರಿಗೊಂದು ಬಲ್ಬು

ನಮ್ಮ ಸೊಸೆಗೆ ಪಂಪ್‌ಹೌಸಿನವರು ಇಟ್ಟ ಹೆಸರು ಬಲ್ಬಕ್ಕ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಎದೆ ತಟ್ಟಿ ಹೇಳಿಕೊಳ್ಳುತ್ತೇನೆ, ಬಲ್ಬಕ್ಕನ ಅತ್ತೆ ನಾನು ಅಂತ.

ಹನ್ನೆರಡು ವರ್ಷದಿಂದ ಅವಳು ಅಲ್ಲಿ ದಿನಗೂಲಿ ಎಲೆಕ್ಟ್ರಿಷಿಯನ್. ಊರಿಗೆ ನೀರೆತ್ತುವ ಮೋಟರು ಎರಡು. ಒಂದು ಓಡುತ್ತದೆ, ಇನ್ನೊಂದು ಆಪತ್ತಿಗಿರಲಿ ಅಂತ ನಿಂತಿರುತ್ತದೆ. ಓಡುವುದು ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ, ಕೆಡುವುದು ನಿಂತದ್ದೇ. ಸಮುದ್ರದ ಉಪ್ಪುಗಾಳಿ ನುಗ್ಗಿ ಸುತ್ತಿದ ತಂತಿಗೆ ತೇವ, ಬೋಲ್ಟಿಗೆ ತುಕ್ಕು. ಅದಕ್ಕೇ ಇವಳು ಬೋಲ್ಟಿಗೆಲ್ಲ ಗ್ರೀಸು ಬಳಿದು, ಅದರ ಹೊಟ್ಟೆಯೊಳಗೆ ಅರವತ್ತು ವ್ಯಾಟಿನ ಬಲ್ಬೊಂದನ್ನು ಸದಾ ಉರಿಸುತ್ತಿದ್ದಳು. ಕೂಸನ್ನು ಬೆಚ್ಚಗಿಟ್ಟ ಹಾಗೆ.

ಹೊಸ ಇಂಜಿನಿಯರ್ ಸಾಹೇಬರು ಬಂದರು. "ನಿಂತ ಮೋಟರಿಗೆ ದೀಪ ಯಾಕಮ್ಮಾ? ಯಾರಪ್ಪನ ಮನೆ ಕರೆಂಟು?"

"ಆರಿಸಬೇಕು ಅಂತ ಬರೆದು ಸಹಿ ಹಾಕಿಕೊಡಿ ಸಾರ್, ಆರಿಸ್ತೀನಿ."

ಬರೆಯಲಿಲ್ಲ. ತಾವೇ ಬಲ್ಬು ಬಿಚ್ಚಿ ಜೇಬಿಗಿಳಿಸಿಕೊಂಡು ಹೋದರು. ಇವಳ ಕೆಲಸ ಕಾಯಂ ಆಗುವ ಕಾಗದ ಅವರ ಮೇಜಿನ ಮೇಲಿತ್ತು. "ಅದು ಬರೋವರೆಗಾದರೂ ಬಾಯಿ ಮುಚ್ಚಿಕೊಂಡಿರು ತಾಯಿ, ಇನ್ನೊಂದು ಬಲ್ಬು ಹಾಕೋಕೆ ಹೋಗಬೇಡ" ಅಂತ ಕೈಮುಗಿದೆ. ನನ್ನ ಮಾತಿಗೆ ಅವಳೂ ಹಾಕಲಿಲ್ಲ. ತಪ್ಪು ನನ್ನದೂ ಇದೆ, ಯಾಕೆ ಮುಚ್ಚಿಡಲಿ.

ಮೂರು ವಾರ ಬಿಡದೆ ಮಳೆ. ಒಂದು ಮಧ್ಯಾಹ್ನ ಓಡುವ ಮೋಟರಿನ ಬೇರಿಂಗ್ ಹಿಡಿದುಕೊಂಡು ಅದು ನಿಂತೇ ಹೋಯಿತು. ನಾನು ಊಟದ ಡಬ್ಬಿ ಕೊಡಲು ಹೋದಾಗ ಸಾಹೇಬರು ಕೂಗಾಡುತ್ತಿದ್ದರು, "ಇನ್ನೊಂದನ್ನ ಹಾಕು!" ಸೊಸೆ, ತೇವ ಎಷ್ಟು ಕೂತಿದೆ ಅಂತ ನೋಡಲು ಮೆಗ್ಗರ್ ಹಚ್ಚಿದಳು. ತಂತಿ ಒಣಗಿದ್ದರೆ ಅದರ ಮುಳ್ಳು ಮೇಲೇಳಬೇಕು, ಸೊನ್ನೆ ಬಿಟ್ಟು ಏಳಲೇ ಇಲ್ಲ.

"ಈಗ ಹಾಕಿದರೆ ಸುಟ್ಟುಹೋಗುತ್ತೆ ಸಾರ್. ಎರಡು ದಿನ ಒಣಗಿಸಬೇಕು."

"ನಿನ್ನ ಕಾಗದ ಎಲ್ಲಿದೆ ಗೊತ್ತಲ್ಲ?"

"ಗೊತ್ತು" ಅಂದವಳೇ ಆ ಮೋಟರಿನ ಮೂರೂ ಫ್ಯೂಸು ಕಿತ್ತು, ಡಬ್ಬಿಯಲ್ಲಿದ್ದ ಊಟದ ಮೇಲೇ ಇಟ್ಟು ಮುಚ್ಚಳ ಒತ್ತಿದಳು. "ಅತ್ತೆ, ಮನೆಗೆ ಹೋಗಿ. ನಾನು ಕೇಳೋವರೆಗೂ ಯಾರಿಗೂ ಕೊಡಬೇಡಿ."

ಸಾಹೇಬರು ಬಾಗಿಲಿಗೆ ಅಡ್ಡ ನಿಂತರು. "ಅಜ್ಜಿ, ಡಬ್ಬಿ ಕೊಡಿ."

"ಮುಟ್ಟಿ ನೋಡಪ್ಪಾ" ಅಂದೆ. ಇಷ್ಟು ವರ್ಷ ಈ ಬಾಯಿ ಇಟ್ಟುಕೊಂಡಿದ್ದು ಮತ್ಯಾತಕ್ಕೆ? ಪಕ್ಕಕ್ಕೆ ಸರಿದರು.

ಎರಡು ದಿನ ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ಬೀದಿಯವರು ಖಾಲಿ ಕೊಡ ತಂದು ನಮ್ಮ ಬಾಗಿಲಲ್ಲಿಟ್ಟು ಬೈದರು. "ಮೋಟರು ಸುಟ್ಟುಹೋಗಿದ್ದರೆ ಎರಡು ತಿಂಗಳು ಬಾಯಿ ಒಣಗಿಸಿಕೊಂಡು ಕೂರ್ತಿದ್ರಿ" ಅಂತ ನಾನೂ ಸರಿಯಾಗಿ ಬೈದೆ. ಅವಳು ಆರು ಬಲ್ಬು ಹಚ್ಚಿ ಮೋಟರಿನ ಪಕ್ಕದಿಂದ ಏಳಲಿಲ್ಲ. ಮೂರನೇ ದಿನ ಮುಳ್ಳು ಎದ್ದಿತು. ಡಬ್ಬಿ ತರಿಸಿಕೊಂಡಳು, ಊರಿಗೆ ನೀರು ಬಂತು.

ಕಾಯಂ ಕಾಗದ ಬೇರೆಯವರ ಪಾಲಾಯಿತು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನಿಂತ ಮೋಟರಿಗೆ ಹೊಸ ಬಲ್ಬು ಹಾಕಿ, ಪಕ್ಕದಲ್ಲಿ ರಟ್ಟೊಂದನ್ನು ನೇತುಹಾಕಿದಳು: "ಇದನ್ನು ಆರಿಸುವವರು ಇಲ್ಲಿ ಸಹಿ ಹಾಕಬೇಕು." ದಾರ ಕಟ್ಟಿ ಪೆನ್ನನ್ನೂ ಇಟ್ಟಿದ್ದಾಳೆ.

ಸಾಹೇಬರು ವಾರಕ್ಕೊಮ್ಮೆ ಬರುತ್ತಾರೆ. ಪೆನ್ನು ನೋಡುತ್ತಾರೆ, ಹೋಗುತ್ತಾರೆ.