ಕನ್ನಡಕದಂಗಡಿಯ ಪಂಡಿತರು

ಕನ್ನಡಕದಂಗಡಿಯವರಿಗೆ ಬೀದಿಯವರು ಪಂಡಿತರೆಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಾಯಿಸುತ್ತಲೇ ಪಾಠ ಶುರು: ‘ಕಣ್ಣಿಂದ ಕಿರಣ ಹೊರಟು, ಬೆರಳಿನ ಹಾಗೆ ವಸ್ತುವನ್ನ ಮುಟ್ಟುತ್ತೆ, ಅದಕ್ಕೇ ಕಾಣುತ್ತೆ ಅಂತಿದ್ರು ಹಿಂದಿನವರು. ತಲೆಬುಡ ಇಲ್ಲದ ಮಾತು! ಬೆಳಕೇ ಕಣ್ಣೊಳಗೆ ಬರೋದು ಸ್ವಾಮಿ!’ ಗಿರಾಕಿ ಹೂಂಗುಟ್ಟುತ್ತಾ ಅವರ ಹೆಗಲಾಚೆಯ ಅಕ್ಷರದ ಹಲಗೆಯನ್ನೇ ನೋಡುತ್ತಾನೆ. ದಿನವಿಡೀ ಊರವರ ಕಣ್ಣಲ್ಲಿ ಕಣ್ಣಿಟ್ಟು ಕೂರುವ ಪಂಡಿತರ ಮುಖವನ್ನು ನೋಡುವವರು ಯಾರೂ ಇಲ್ಲ. ಮನೆಗೆ ಹೋದರೆ ಬೀಗ ತೆಗೆಯುವವರೂ ಅವರೇ, ದೀಪ ಹಾಕುವವರೂ ಅವರೇ. ಮೊನ್ನೆ ಅಜ್ಜಿಯೊಬ್ಬಳು ಹೊಸ ಕನ್ನಡಕ ಏರಿಸಿದವಳೇ, ಹಲಗೆ ಬಿಟ್ಟು ಅವರನ್ನೇ ದಿಟ್ಟಿಸಿ, ‘ಅಯ್ಯೋ, ಎಷ್ಟು ಸೊರಗಿದ್ದೀಯಪ್ಪಾ!’ ಅಂದಳು. ಪಂಡಿತರ ಕೈ ತಾನಾಗಿ ಕೆನ್ನೆಗೆ ಹೋಯಿತು, ಅಲ್ಲಿ ಯಾರೋ ಮುಟ್ಟಿದ ಹಾಗೆ. ಆಮೇಲೆ ಬಂದ ಗಿರಾಕಿಯೆದುರು ಹಿಂದಿನವರನ್ನು ಬೈಯಲು ಅವರಿಗೆ ಬಾಯಿಯೇ ಬರಲಿಲ್ಲ.