ಒಂದೇ ದಾರದ ಎರಡು ಕರಡಿಗೆ

ಗುರುದೇವಿ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿನ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಹತ್ತು ನಿಮಿಷ ಕೂರುತ್ತಾಳೆ. ಅದು ಆಗುವ ತನಕ ಬಾಯಿಗೆ ಹನಿ ನೀರಿಲ್ಲ. ಸನತ್‌ನಗರದ ಎರಡು ಕೋಣೆಯ ಮನೆಗೆ ಬಂದು ಹದಿನಾಲ್ಕು ವರ್ಷವಾಯಿತು. ಜ್ವರ ಬಂದಾಗಲೂ ಈ ಹತ್ತು ನಿಮಿಷ ತಪ್ಪಿದ್ದಿಲ್ಲ.

ಆ ಗುರುವಾರ ಲಿಂಗವನ್ನು ಕೈಗಿಟ್ಟುಕೊಂಡವಳು ಕಣ್ಣು ಮುಚ್ಚಲಿಲ್ಲ. ಭಾರ ಬೇರೆ ಅನ್ನಿಸಿತು. ಅವಳ ಲಿಂಗದ ಕಪ್ಪು ಲೇಪ ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆರಳು ತಾನಾಗಿ ಆ ಬಿರುಕನ್ನು ಹುಡುಕಿತು. ಇರಲಿಲ್ಲ. ದೀಪದ ಹತ್ತಿರ ಹಿಡಿದು ತಿರುಗಿಸಿದಳು. ಎಲ್ಲಾ ಕಡೆ ನುಣುಪು.

ಇದು ಆಸ್ಪತ್ರೆಯಲ್ಲಿ ಮಲಗಿರುವ ಬಸಲಿಂಗಮ್ಮನ ಲಿಂಗ. ಹಾಗಾದರೆ ತನ್ನದು ಬಸಲಿಂಗಮ್ಮನ ಮುಷ್ಟಿಯಲ್ಲಿದೆ. ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗವನ್ನು ಬಿಟ್ಟು ಇನ್ನೊಬ್ಬರದನ್ನು ಪೂಜಿಸುವಂತಿಲ್ಲ.

"ಚಾ ಆರಾಕತ್ತೈತಿ ನೋಡು," ಎಂದ ಗಂಡ ಕಲ್ಯಾಣಪ್ಪ ಒಳಗಿನಿಂದ. "ನಿಮ್ಮ ದೇವರು ಇವತ್ತ ಓವರ್‌ಟೈಮ್ ಮಾಡಾಕತ್ತಾನೇನು?"

ಅವಳು ಚಹಾ ಮುಟ್ಟದೆ ಬಸ್ಸಿಗೆ ಹೊರಟಳು.

ನಡೆದದ್ದು ಹಿಂದಿನ ದಿನ. ಗುರುದೇವಿ ನರ್ಸ್ ಆಗಿರುವ ಆಸ್ಪತ್ರೆಗೆ ಹುಮನಾಬಾದ್ ಕಡೆಯ ಬಸಲಿಂಗಮ್ಮ ಸೇರಿದ್ದಳು. ಸನತ್‌ನಗರದ ಕಾರ್ಖಾನೆಯಲ್ಲಿ ಫಿಟರ್ ಆಗಿರುವ ಮಗ ವಿಜಯಕುಮಾರನ ಮನೆಗೆ ಬಂದು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಕೋಣೆಗೆ ಮೈಮೇಲೆ ಏನೂ ಇಟ್ಟುಕೊಂಡು ಹೋಗುವಂತಿಲ್ಲ. ಬಳೆ, ಮೂಗುಬೊಟ್ಟು ಬಿಚ್ಚಿಕೊಟ್ಟ ಮುದುಕಿ ಕರಡಿಗೆಯನ್ನು ಮಾತ್ರ ಎರಡೂ ಕೈಯಲ್ಲಿ ಅವುಚಿಕೊಂಡಳು.

"ಇದನ್ನ ಬಿಚ್ಚಿದರ ನಾ ಹೆಣ. ಹೆಣಕ್ಕೇನು ಆಪರೇಷನ್ ಮಾಡ್ತೀರಿ?"

ಗುರುದೇವಿ ತನ್ನ ಕುತ್ತಿಗೆಯ ದಾರ ಹೊರಗೆ ತೆಗೆದು ತೋರಿಸಿದಳು. "ಆಯಿ, ನಾನೂ ಲಿಂಗ ಕಟ್ಟಿದಾಕೀನ. ನನ್ನ ಕಡಿ ಇರಲಿ. ಎಚ್ಚರಾದ ಕೂಡಲೇ ನಿಮ್ಮ ಕೈಯಾಗ ಇಡ್ತೀನಿ."

"ನನ್ನ ಮಗನ ಕೈಯಾಗ ಕೊಡಬ್ಯಾಡ ಮತ್ತ. ಅವ ಲಿಂಗ ಬಿಟ್ಟು ಹತ್ತು ವರ್ಷಾತು. ಗೂಟಕ್ಕ ನೇತುಹಾಕ್ಯಾನ."

ಮುದುಕಿಯ ದಾರ ಬೆವರಿಗೆ ಲಡ್ಡಾಗಿತ್ತು, ಬಿಚ್ಚುವಾಗ ಹರಿಯಿತು. ಗುರುದೇವಿ ಆ ಕರಡಿಗೆಯನ್ನೂ ತನ್ನ ದಾರಕ್ಕೇ ಪೋಣಿಸಿ ಯೂನಿಫಾರ್ಮ್ ಒಳಗೆ ಹಾಕಿಕೊಂಡಳು. ಎರಡೂ ದುಂಡನೆಯ ಬೆಳ್ಳಿಯವು, ಸಣ್ಣ ನಿಂಬೆಕಾಯಿಯ ಗಾತ್ರದವು.

ಆಪರೇಷನ್ ಆದ ಮೇಲೆ ರಕ್ತದೊತ್ತಡ ಇಳಿದು ಮುದುಕಿಯನ್ನು ಐಸಿಯುಗೆ ಹಾಕಿದರು. ಸಂಜೆ ನೀರು, ಗುಳಿಗೆ ಕೊಡಬಹುದು ಎಂದರು ಡಾಕ್ಟರು. ಮೈಮೇಲೆ ಲಿಂಗವಿಲ್ಲದೆ ನೀರೂ ಮುಟ್ಟುವುದಿಲ್ಲವೆಂದು ಅವಳು ಹಲ್ಲು ಕಚ್ಚಿ ಮಲಗಿದಳು. ಮೂಗಿನಿಂದ ನಳಿಗೆ ಹಾಕೋಣವೇ ಎಂಬ ಮಾತು ಬಂತು. ಡ್ಯೂಟಿ ಮುಗಿದರೂ ಕಾಯುತ್ತ ಕುಳಿತಿದ್ದ ಗುರುದೇವಿ ಒಳಗೆ ನುಗ್ಗಿ, ಪರದೆಯ ಮರೆಯಲ್ಲಿ ಅವಸರದಿಂದ ದಾರ ಸಡಿಲಿಸಿ, ಒಂದು ಕರಡಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮುದುಕಿಯ ಕೈಗಿಟ್ಟಳು. ಐಸಿಯುವಿನ ನರ್ಸ್ ಬೇರೆ ಕಡೆ ನೋಡಿದಳು. ಬಸಲಿಂಗಮ್ಮ ಮುಷ್ಟಿಯನ್ನು ಹಣೆಗೊತ್ತಿ, ನೀರು ಕುಡಿದು, ಗುಳಿಗೆ ನುಂಗಿದಳು. ಗುರುದೇವಿ ಸಮಾಧಾನದಿಂದ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಿದ್ದಳು.

ಈಗ ಬಸ್ಸಿನ ಕಂಬಿ ಹಿಡಿದು ನಿಂತವಳಿಗೆ ತಾನು ಮಾಡಿದ್ದು ಏನೆಂದೇ ತಿಳಿಯದಾಯಿತು. ಆರೈಕೆಯೋ, ಮೋಸವೋ? ಹೇಳಿದರೆ ಆಯಿ ಮತ್ತೆ ಹಲ್ಲು ಕಚ್ಚಿಯಾಳು. ಹೇಳದಿದ್ದರೆ? ಕಳೆದ ತಿಂಗಳು ಹಿಮಾಯತ್‌ನಗರದ ಹೋಟೆಲೊಂದರಲ್ಲಿ ನರ್ಸುಗಳಿಗೆಲ್ಲ ಕರುಣೆಯ ಆರೈಕೆ ಎಂಬ ತರಬೇತಿ ಕೊಟ್ಟಿದ್ದರು. ರೋಗಿಯ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ ಎಂದಿದ್ದರು, ಸಮೋಸ ಕೊಟ್ಟಿದ್ದರು. ಆಮೇಲೆ ದಾಖಲಾತಿ ಫಾರ್ಮಿನಲ್ಲಿ ರೋಗಿಗೆ ಧಾರ್ಮಿಕ ಅಗತ್ಯ ಇದೆಯೇ ಎಂಬ ಹೊಸ ಪ್ರಶ್ನೆ ಬಂತು. ಬಸಲಿಂಗಮ್ಮನ ಫಾರ್ಮಿನಲ್ಲಿ ಇದೆ ಎಂದು ಗುರುತು ಹಾಕಿದವಳು ಅವಳೇ. ಇದ್ದರೆ ಮುಂದೇನು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಬೆಳಿಗ್ಗೆಯೇ ಬಸಲಿಂಗಮ್ಮನನ್ನು ವಾರ್ಡಿಗೆ ತಂದಿದ್ದರು. ವಾರ್ಡಿನ ಹಿರಿಯ ಸಿಸ್ಟರ್ ಗಂಗಾಬಾಯಿ ಜಹೀರಾಬಾದಿನವಳು, ಮೂರು ಭಾಷೆ ಕಲಸಿ ಮಾತಾಡುವವಳು. ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು.

"ಅರೇ ಪಗಲೀ! ಮುದುಕಿ ಮಲಗ್ಯಾಳಲ್ಲ? ಬದಲ್ ಮಾಡಿಬಿಡು, ಖತಮ್. ಯಾರಿಗಿ ಗೊತ್ತಾಗ್ತದ? ಹನ್ನೊಂದು ಬೆಡ್ ಅವ, ಸಿಸ್ಟರ್ ಇಬ್ಬರು. ನಿಂದೊಂದು ಇದು!"

ಸುಲಭದ ಮಾತು. ಗುರುದೇವಿ ಹಾಸಿಗೆಯ ಪಕ್ಕ ಹೋಗಿ ನಿಂತಳು. ಮುದುಕಿಯ ಮುಷ್ಟಿ ಸಡಿಲವಾಗಿತ್ತು, ಬೆಳ್ಳಿ ಕಾಣುತ್ತಿತ್ತು. ಇವಳ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಬಸಲಿಂಗಮ್ಮ ಕಣ್ಣು ಬಿಟ್ಟಳು.

"ವಿಭೂತಿ ತಂದಿಯೇನ್ ಮಗಳ? ಲಿಂಗಪೂಜಿ ಮಾಡ್ಕೋತೀನಿ."

ಗುರುದೇವಿ ಸ್ಟೂಲು ಎಳೆದು ಕುಳಿತಳು. "ಆಯಿ, ಕರಡಗಿ ತೆರೀಬ್ಯಾಡ್ರಿ. ನನ್ನಿಂದ ತಪ್ಪಾಗೇತಿ. ನಿಮ್ಮ ಕೈಯಾಗ ಇರೋದು ನನ್ನದು. ನಿಮ್ಮದು ನನ್ನ ಕಡಿ ಐತಿ. ಒಂದೇ ದಾರದಾಗ ಹಾಕ್ಕೊಂಡಿದ್ದೆ, ಗಡಿಬಿಡಿಯಾಗ ಅದಲ್ ಬದಲ್ ಆತು."

ಮುದುಕಿ ಮುಷ್ಟಿ ಬಿಚ್ಚಿ ಕರಡಿಗೆಯನ್ನು ನೋಡಿದಳು.

"ನಿನ್ನೆ ನಾ ಕುಡದ ನೀರು?"

ಗುರುದೇವಿ ತನ್ನ ಕುತ್ತಿಗೆಯ ದಾರ ಬಿಚ್ಚತೊಡಗಿದಳು.

"ನೀ ಉಂಡಿಯೇನು?"

"ರಾತ್ರಿ ಉಂಡೀನ್ರಿ. ಆವಾಗ ಗೊತ್ತಿರಲಿಲ್ಲ. ಬೆಳಿಗ್ಗಿಲಿಂದ ಏನೂ ಮುಟ್ಟಿಲ್ಲ."

"ನಂಗೂ ಗೊತ್ತಿರಲಿಲ್ಲ. ಅಂದ್ರ ಇಬ್ಬರದೂ ಒಂದೇ ಅಂತೀಯೇನು? ಗೊತ್ತಿಲ್ಲದ ಮಾಡಿದ್ದಕ್ಕ ಪಾಪಿಲ್ಲ ಅಂತೀಯೇನು? ಹೇಳವಾ, ನೀ ಕಲತಾಕಿ."

"ನನಗ ತಿಳೀವಲ್ದ್ರಿ ಆಯಿ."

"ತಿಳೀದಿದ್ರ ನನ್ನ ಕಡಿಂದ ಯಾಕ ಇಸ್ಕೊಂಡಿ?"

ಇಬ್ಬರೂ ತಮ್ಮ ತಮ್ಮ ಲಿಂಗ ತೆಗೆದುಕೊಂಡರು. ಬಸಲಿಂಗಮ್ಮ ವಿಭೂತಿ ಹಚ್ಚಿಕೊಂಡು ಅಂಗೈ ನೋಡುತ್ತ ಕುಳಿತಳು. ಪೂಜೆ ಮುಗಿಸಿ ಗಂಜಿ ಕುಡಿದಳು. ಆದರೆ ಗುರುದೇವಿ ಗುಳಿಗೆ ಹಿಡಿದು ಹೋದಾಗ ಗೋಡೆಯ ಕಡೆ ಮುಖ ತಿರುಗಿಸಿದಳು. ಇನ್ನೊಬ್ಬ ಸಿಸ್ಟರ್ ಬಂದು ಕೊಟ್ಟ ಮೇಲೆ ನುಂಗಿದಳು. ಡ್ರೆಸ್ಸಿಂಗ್‌ಗೂ ಹಾಗೇ.

ಸಾಮಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗುರುದೇವಿಯೂ ತನ್ನ ಹತ್ತು ನಿಮಿಷ ಮುಗಿಸಿದಳು. ಎಂದಿನ ಶಾಂತಿ ಬರಲಿಲ್ಲ. ಆಯಿ ಆ ಗಳಿಗೆಗೆ ಕಣ್ಣು ಬಿಡದೇ ಇದ್ದಿದ್ದರೆ? ತಾನು ಬದಲಿಸಿ ಸುಮ್ಮನಾಗುತ್ತಿದ್ದೆನೇ? ಖರೆ ಹೇಳಿದ್ದು ಮನಸ್ಸಿನಿಂದಲೋ, ಸಿಕ್ಕಿಬಿದ್ದದ್ದರಿಂದಲೋ?

ಮಧ್ಯಾಹ್ನ ಡ್ಯೂಟಿ ಬಿಡುವ ಹೊತ್ತಿಗೆ ವಿಜಯಕುಮಾರ ಲಿಫ್ಟಿನ ಹತ್ತಿರ ಕಾದಿದ್ದ. ತಾಯಿ ಎಲ್ಲವನ್ನೂ ಹೇಳಿದ್ದಳು.

"ಅಕ್ಕಾರ, ಭಾಳ ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮಿಂದ ನಮ್ಮವ್ವ ಉಳದಾಳ. ನಾ ಒಂದು ಕೆಲಸ ಮಾಡ್ತೀನಿ. ಊರ ಸ್ವಾಮಿಗೋಳಿಗೆ ಫೋನ್ ಹಚ್ಚಿದ್ದೆ, ಏನೂ ದೋಷಿಲ್ಲ ಅಂದ್ರು ಅಂತ ಹೇಳಿಬಿಡ್ತೀನಿ. ನಾಳಿಗಿ ನಿಮ್ಮ ಕೈಲೇ ಗುಳಗಿ ನುಂಗತಾಳ ನೋಡ್ರಿ."

"ಫೋನ್ ಹಚ್ಚೀರೇನ್ರಿ?"

"ಹಚ್ಚೋದ್ಯಾಕ್ರಿ? ಅವರೂ ಅದನ್ನ ಹೇಳ್ತಾರ."

ಹೇಳಬಹುದು. ಹೇಳದೆಯೂ ಇರಬಹುದು. ಆಯಿ ಮತ್ತೆ 'ಮಗಳ' ಎಂದು ಕರೆಯುವುದು ಗುರುದೇವಿಗೆ ಕೇಳಿಸಿದಂತೆಯೇ ಆಯಿತು. ಬೇಕೆನ್ನಿಸಿತು.

"ಬ್ಯಾಡ್ರಿ ಅಣ್ಣಾರ."

"ನಿಮಗಾಗೇ ಹೇಳಾಕತ್ತೀನ್ರಿ ನಾ."

"ಗೊತ್ತೈತ್ರಿ. ಖರೇನ ಹಚ್ಚೋದಿದ್ರ ಹಚ್ರಿ. ಹಚ್ಚದ ಹೇಳಬ್ಯಾಡ್ರಿ. ಅಲ್ಲೀತನಕ ಆಯಿ ನನ್ನ ಮ್ಯಾಲೆ ಸಿಟ್ಟಿರಲಿ."