ಹೆಬ್ಬೆರಳಿನ ಕೆಳಗೊಂದು ಸ್ವಿಚ್ಚು

ಆಕೆ ಮೆಚ್ಚಿದ ವಸ್ತು ಈ ಲೋಕದಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದರೆ, ಆಕೆಯನ್ನು ಬಲ್ಲವರು ಸ್ವಲ್ಪ ಹೊತ್ತು ಯೋಚಿಸಿ, ಕೊನೆಗೆ ಇಲ್ಲವೆಂದೇ ತಲೆಯಾಡಿಸುತ್ತಿದ್ದರು. ವ್ಯಾಕ್ಯೂಮ್ ಕ್ಲೀನರ್ ತಯಾರಿಸುವ ಕಾರ್ಖಾನೆಯ ಮಹಡಿಯ ಮೇಲೆ, ಹೊಸ ಯಂತ್ರಗಳ ನಕ್ಷೆ ಬರೆಯುವ ಕೋಣೆಯಲ್ಲಿ ಆಕೆಗೆ ಕೆಲಸ. ಅಲ್ಲಿನವರು ಆಕೆಗೆ ಇಟ್ಟಿದ್ದ ಹೆಸರು ಮೂಗುಮುರುಕಿ. ಈ ಹೆಸರು ಆಕೆಯ ಕಿವಿಗೆ ಬಿದ್ದಿಲ್ಲವೆಂದು ಅವರೆಲ್ಲ ನಂಬಿದ್ದರು. ಬಿದ್ದಿತ್ತು. ‘ಒಂದು ಅಡ್ಡಹೆಸರಿಡುವುದಕ್ಕೂ ಇವರ ತಲೆಯಲ್ಲಿ ಸರಕಿಲ್ಲವಲ್ಲ’ ಎಂದು ಆಕೆ ಅದಕ್ಕೂ ಮೂಗು ಮುರಿದಿದ್ದಳು.

ಇದು ಹುಟ್ಟುಗುಣ. ಚಿಕ್ಕಂದಿನಲ್ಲಿ ಮನೆಯ ಗಡಿಯಾರ ಕೆಟ್ಟಾಗ, ಅದನ್ನು ರಿಪೇರಿ ಮಾಡಿ ತಂದ ತಂದೆ ಗೋಡೆಗೆ ನೇತುಹಾಕಿ ಹೆಮ್ಮೆಯಿಂದ ಹಿಂದೆ ಸರಿದು ನಿಂತರೆ, ಈ ಮಗಳು ಸೊಂಟದ ಮೇಲೆ ಕೈಯಿಟ್ಟು, “ಮೊಳೆ ಸೊಟ್ಟ ಹೊಡೆದಿದ್ದೀರಿ” ಎಂದಳಂತೆ. ಮೊಳೆ ಸೊಟ್ಟಗೇ ಇತ್ತು. ಆಕೆಯ ವಿಷಯದಲ್ಲಿ ಇದೇ ತೊಡಕು: ಆಕೆ ಹೀಗಳೆದದ್ದು ಬಹುಮಟ್ಟಿಗೆ ಹೀಗಳೆಯುವುದಕ್ಕೆ ತಕ್ಕದ್ದೇ ಆಗಿರುತ್ತಿತ್ತು. ಆದರೆ ಮೊಳೆಯನ್ನೂ ಮನೆ ಬೀಳುವುದನ್ನೂ ಆಕೆ ಒಂದೇ ದನಿಯಲ್ಲಿ ಹೇಳುತ್ತಿದ್ದಳು.

ಕೆಲಸಕ್ಕೆ ಸೇರಿದ ಮೇಲೆ ತಿರಸ್ಕಾರಕ್ಕೆ ಬಯಲೇ ಸಿಕ್ಕಿತು. ಯಂತ್ರವನ್ನು ಕೊಳ್ಳುವ ಜನ ಆಕೆಯ ಕಣ್ಣಿನಲ್ಲಿ ಶುದ್ಧ ಮೊದ್ದುಗಳು. ಧೂಳಿನ ಚೀಲ ತುಂಬಿ ತುಳುಕುತ್ತಿದ್ದರೂ ಖಾಲಿ ಮಾಡದೆ, ‘ಯಂತ್ರ ಎಳೆಯುತ್ತಿಲ್ಲ’ ಎಂದು ಅಂಗಡಿಗೆ ಹೊತ್ತು ತರುವವರು. ನೆಂಟರು ಬರುವ ದಿನ ಮಾತ್ರ ಕಾರ್ಪೆಟ್ಟನ್ನು ನೆನೆಯುವವರು. ಮಾರುವವರು ಇನ್ನೂ ಒಂದು ಕೈ ಹೆಚ್ಚು. ಅವರಲ್ಲಿ ಯಾರೊಬ್ಬರೂ ತಮ್ಮ ಮನೆಯ ನೆಲವನ್ನು ತಾವೇ ಗುಡಿಸಿದವರಲ್ಲ. ಆದರೂ ಕೊಳೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಬಲ್ಲರು.

ಈ ಎಲ್ಲರಿಗೂ ಕಳಶವಿಟ್ಟಂತಿದ್ದವರು ವಿಭಾಗದ ಮ್ಯಾನೇಜರು. ಅವರು ಬರುವುದಕ್ಕೆ ಮೊದಲು ಅವರ ಸೆಂಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದ್ದುದರಿಂದ ಅವರ ಹೆಸರು ಸೆಂಟು ಸಾಹೇಬರು. ಧೂಳು ಹೀರುವ ಯಂತ್ರದ ಕಾರ್ಖಾನೆಯಲ್ಲಿದ್ದೂ ಧೂಳು ಕಂಡರೆ ಕರವಸ್ತ್ರ ಹುಡುಕುವ ಮನುಷ್ಯ.

ಆಕೆಯೂ ಆಕೆಯ ಅಕ್ಕನೂ ಒಂದೇ ಮನೆಯಲ್ಲಿದ್ದರು. ಅಕ್ಕ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರದ ಸುತ್ತ ಚಿಂದಿ, ದಾರ, ಸೀಮೆಸುಣ್ಣದ ಪುಡಿ. ಆ ಕೋಣೆಗೆ ಕಾರ್ಖಾನೆಯಿಂದ ಯಂತ್ರದ ಪೈಪಿನ ತುದಿಗೆ ಸಿಕ್ಕಿಸುವ ಒಂದು ಹೊಸ ಬ್ರಷ್ ಮೂತಿಯನ್ನು ತಂಗಿ ಪರೀಕ್ಷೆಗೆಂದು ತಂದಳು. ಹಳೆಯ ಮೂತಿ ಬರಿಯ ಗಾಳಿಯನ್ನು ಎಳೆಯುವಂಥದು. ಈ ಹೊಸದರೊಳಗೆ ಪುಟ್ಟ ಮೋಟಾರೊಂದಿದ್ದು, ಬಿರುಗೂದಲಿನ ಉರುಳೆಯನ್ನು ಗರಗರ ತಿರುಗಿಸುತ್ತಿತ್ತು; ಕಾರ್ಪೆಟ್ಟಿನ ಬುಡದಲ್ಲಿ ಅಡಗಿದ ಧೂಳನ್ನು ಕೆದಕಿ ಮೇಲಕ್ಕೆ ತರುತ್ತಿತ್ತು. ಅಕ್ಕ ಅದನ್ನು ಹಿಡಿದು ಒಂದು ಸುತ್ತು ಬಂದಳು. ಎರಡನೆಯ ಸುತ್ತಿಗೆ ಮೂತಿ ಮೇಜಿನಿಂದ ಇಳಿಬಿದ್ದಿದ್ದ ಪರದೆಯನ್ನು ಕಚ್ಚಿತು. ಅದೇ ತಾನೇ ಹೊಲಿದು ಮುಗಿಸಿದ ಗಿರಾಕಿಯ ಪರದೆ.

“ನಿಲ್ಸೇ! ನಿಲ್ಸೇ ಇದನ್ನ!”

“ಗುಂಡಿ ಒತ್ತು ಅಕ್ಕಾ!”

“ಎಲ್ಲಿದ್ಯೇ ನಿನ್ನ ಗುಂಡಿ?”

ಗುಂಡಿ ಯಂತ್ರದ ಬೆನ್ನ ಮೇಲಿತ್ತು. ಯಂತ್ರ ಉದ್ದದ ಪೈಪಿನ ಆಚೆ ತುದಿಯಲ್ಲಿ, ಕುರ್ಚಿಯ ಹಿಂದಿತ್ತು. ತಂಗಿ ಓಡಿ ಒತ್ತುವ ಹೊತ್ತಿಗೆ ಪರದೆಯ ಅಂಚು ಉರುಳೆಗೆ ಸುತ್ತಿಕೊಂಡು ಹಗ್ಗವಾಗಿತ್ತು.

“ಧೂಳು ತಿನ್ನೋದು ಅಂತ ತಂದ್ಯಲ್ಲ, ಇದು ನನ್ನ ಅನ್ನಾನೇ ತಿಂತು” ಎಂದು ಅಕ್ಕ ಕತ್ತರಿ ಹಿಡಿದು ಕುಳಿತಳು. “ತಿರುಗೋದನ್ನ ಕಲಿಸಿದೋರಿಗೆ ನಿಲ್ಲೋದನ್ನ ಕಲಿಸೋಕಾಗ್ಲಿಲ್ವಾ?”

ಆ ಮಾತಿಗೆ ತಂಗಿಯ ಮೂಗು ಅರ್ಧ ಮುರಿದು ಅಲ್ಲೇ ನಿಂತಿತು.

ಆಮೇಲಿನ ತಿಂಗಳುಗಳಲ್ಲಿ ಆಕೆ ಬೇರೆ ಯಾವುದನ್ನೂ ಯೋಚಿಸಲಿಲ್ಲ. ಬ್ರಷ್ಷಿನ ಮೋಟಾರಿಗೆ ಬೇರೆಯದೇ ತಂತಿ. ಆ ತಂತಿ ಪೈಪಿನ ಮೈಯೊಳಗಿಂದ ಹಿಡಿಕೆಯವರೆಗೆ. ಹಿಡಿಕೆಯ ಮೇಲೆ, ಹೆಬ್ಬೆರಳು ತಾನಾಗಿ ಬಂದು ಕೂರುವ ತಾಣದಲ್ಲಿ ಒಂದು ಸ್ವಿಚ್ಚು. ಹಿಂದಕ್ಕೆ ಎಳೆದರೆ ಬ್ರಷ್ ನಿಲ್ಲಬೇಕು, ಗಾಳಿ ಮಾತ್ರ ಎಳೆಯುತ್ತಿರಬೇಕು. ನಡುವಿಗೆ ತಂದರೆ ಮೆಲ್ಲಗೆ, ಮುಂದಕ್ಕೆ ನೂಕಿದರೆ ಜೋರಾಗಿ ತಿರುಗಬೇಕು. ನುಣುಪು ನೆಲದ ಮೇಲೆ ಸಕ್ಕರೆ ಚೆಲ್ಲಿದಾಗ ತಿರುಗುವ ಬ್ರಷ್ ಅದನ್ನು ಹೀರುವ ಬದಲು ಮೂಲೆಮೂಲೆಗೆ ಎರಚುತ್ತಿತ್ತು, ಅಲ್ಲಿ ನಿಲ್ಲಿಸಲೇಬೇಕು. ಕಾರ್ಪೆಟ್ಟಿನ ಮೇಲೆ ತಿರುಗಿಸಲೇಬೇಕು. ಯಾವಾಗ ಏನು ಎಂಬುದು ನೆಲ ನೋಡುತ್ತಿರುವವನ ಕಣ್ಣಿಗೆ ಗೊತ್ತು, ಆದ್ದರಿಂದ ಅಧಿಕಾರವೂ ಅವನ ಹೆಬ್ಬೆರಳಿಗೇ ಇರಲಿ. ಮೋಟಾರಿಗೆ ತಂತಿ ಸುತ್ತುವ ಕೆಲಸದವನು, ಎಲ್ಲರ ಪಾಲಿನ ಮೋಟಾರಣ್ಣ, ಆಕೆ ಹೇಳಿದಂತೆ ಒಂದು ಮಾದರಿಯನ್ನು ಮಾಡಿಕೊಟ್ಟ. ಆಕೆ ಅದನ್ನು ಹಿಡಿದು ನೋಡಿ, “ಪರವಾಗಿಲ್ಲ” ಎಂದಳು. ಮೋಟಾರಣ್ಣ ಊಟದ ಹೊತ್ತಿನಲ್ಲಿ ಆ ‘ಪರವಾಗಿಲ್ಲ’ವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಯಾರೂ ನಂಬಲಿಲ್ಲ.

ಸೆಂಟು ಸಾಹೇಬರು ಮಾದರಿಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು.

“ಏನಮ್ಮಾ ಇದು, ಈಗಿನ ಕಾಲದಲ್ಲಿ ಸ್ವಿಚ್ಚಾ? ಎಲ್ಲಾ ತಾನೇ ತಾನಾಗಿ ಆಗ್ಬೇಕು. ಜನಕ್ಕೆ ಯೋಚನೆ ಮಾಡೋ ಕೆಲಸ ಕೊಡಬಾರದು. ಮಂಗನ ಕೈಲಿ ಮಾಣಿಕ್ಯ ಕೊಟ್ಟ ಹಾಗಾಗುತ್ತೆ.”

“ಜನ ಮಂಗಗಳೇ ಸಾರ್. ನಾನೇನು ಇಲ್ಲ ಅಂದ್ನಾ? ಆದ್ರೆ ಬಾಲ ಸಿಕ್ಕಿಕೊಂಡಾಗ ಮಂಗನಿಗೂ ಬಿಡಿಸಿಕೊಳ್ಳೋಕೆ ಬರಬೇಕಲ್ಲ.”

ಸಾಹೇಬರು ನಕ್ಕರು. ಅವರ ಬಳಿ ಬೇರೊಂದು ಮೂತಿ ಸಿದ್ಧವಾಗಿತ್ತು. ಅದಕ್ಕೆ ಸ್ವಿಚ್ಚೇ ಇಲ್ಲ. ನೆಲ ಒಡ್ಡುವ ತಡೆಯನ್ನು ಅದೇ ಅಳೆಯುತ್ತದೆ. ತಡೆ ಹೆಚ್ಚಿದರೆ, ಕೊಳೆ ಹೆಚ್ಚಿದೆಯೆಂದು ತಿಳಿದು ಬ್ರಷ್ಷನ್ನು ಇನ್ನಷ್ಟು ಬಲವಾಗಿ ತಿರುಗಿಸುತ್ತದೆ. ‘ಜಾಣ ಬ್ರಷ್’ ಎಂದು ಅದಕ್ಕೆ ಹೆಸರೂ ಇಟ್ಟಾಗಿತ್ತು. ದೊಡ್ಡ ಹೋಟೆಲುಗಳಿಗೆ ಯಂತ್ರ ಕೊಳ್ಳುವ ಹೆಂಗಸೊಬ್ಬರು ಬಂದು ನೋಡುವವರಿದ್ದರು. ಅವರು ಒಪ್ಪಿದ ಮರುದಿನವೇ ಹಿಡಿಕೆಯ ಅಚ್ಚು ಕೊರೆಯುವುದೆಂದು ತೀರ್ಮಾನವಾಯಿತು. ಅಚ್ಚಿನಲ್ಲಿ ಸ್ವಿಚ್ಚಿನ ಕಿಂಡಿ ಇಲ್ಲದಿದ್ದರೆ ಮುಗಿಯಿತು. ಒಮ್ಮೆ ಕೊರೆದ ಅಚ್ಚನ್ನು ಯಾರೂ ಬದಲಿಸುವುದಿಲ್ಲ. ಆಕೆಯ ಹೆಬ್ಬೆರಳಿನ ಸ್ವಿಚ್ಚು ಬೀರುವಿನೊಳಗೆ ಮುದಿಯಾಗಬೇಕಾಗುತ್ತಿತ್ತು.

ಪ್ರದರ್ಶನದ ಹಿಂದಿನ ದಿನ ಸಾಹೇಬರು ಹೊಸ ಕಾರ್ಪೆಟ್ಟೊಂದನ್ನು ತರಿಸಿ ಹಾಸಿಸಿದರು. ಅದುವರೆಗೆ ಜಾಣ ಬ್ರಷ್ಷನ್ನು ಪರೀಕ್ಷಿಸಿದ್ದೆಲ್ಲ ಕೆಳಗಿನ ಕೋಣೆಯಲ್ಲಿ, ನೆಲಕ್ಕೆ ಅಂಟಿಸಿದ ಬೋಳು ಕಾರ್ಪೆಟ್ ತುಂಡಿನ ಮೇಲೆ, ತಾವೇ ಜರಡಿ ಹಿಡಿದು ಚೆಲ್ಲಿದ ಧೂಳಿನಿಂದ. ಚೆಲ್ಲುವುದು, ಹೀರುವುದು, ಚೀಲದಿಂದ ತೆಗೆದು ಅದನ್ನೇ ಮತ್ತೆ ಚೆಲ್ಲುವುದು. ಇಷ್ಟು ಮರ್ಯಾದಸ್ಥ ಧೂಳು ಯಾರ ಮನೆಯಲ್ಲೂ ಇರಲಾರದು. ಹೊಸ ಕಾರ್ಪೆಟ್ಟಿಗಾದರೋ ಸುತ್ತಲೂ ಗೇಣುದ್ದದ ಕುಚ್ಚು.

ಆಕೆ ಬಾಗಿಲಲ್ಲಿ ನಿಂತು ನೋಡಿದಳು. “ಇದು ಕುಚ್ಚು ನುಂಗುತ್ತೆ ಸಾರ್. ಹಿಡಿದು ಎಳೆದ್ರೆ ಅದನ್ನ ಕೊಳೆ ಅಂದ್ಕೊಂಡು ಇನ್ನೂ ಜೋರಾಗಿ ನುಂಗುತ್ತೆ.”

“ನಿನ್ನೆ ಗೋಡೆ ಬಣ್ಣ ಚೆನ್ನಾಗಿಲ್ಲ ಅಂದ್ರಿ. ಬೆಳಿಗ್ಗೆ ಟೀ ಚೆನ್ನಾಗಿಲ್ಲ ಅಂದ್ರಿ.”

“ಚೆನ್ನಾಗಿರಲಿಲ್ಲ.”

“ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ” ಎಂದು ಸಾಹೇಬರು ಯಾರಿಗೋ ಹೇಳುವಂತೆ ಹೇಳಿದರು. ಸುತ್ತ ಇದ್ದವರು ನಕ್ಕರು. ತಂತಿ ಕಾಣಿಸಿದರೆ ಅಂದಗೆಡುತ್ತದೆಂದು ಅವರು ಪ್ಲಗ್ಗನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ಹಾಕಿಸಿದರು.  ಹಾಳಾಗಿ ಹೋಗಲಿ, ಇವರ ಯೋಗ್ಯತೆಗೆ ಇದೇ ಸರಿ ಎಂದುಕೊಂಡು ಆಕೆ ಹೊರಟಳು. ಮೆಟ್ಟಿಲಿಳಿಯುವಾಗ ಮಾತ್ರ, ಕೊರೆಯಲಿರುವ ಅಚ್ಚಿನ ನೆನಪಾಗಿ, ಒಮ್ಮೆ ನಿಂತು ಹಿಂದಿರುಗಿ ನೋಡಿದಳು.

ಮರುದಿನ ಹೋಟೆಲಿನ ಹೆಂಗಸು ಬಂದರು. ಚಪ್ಪಟೆ ಚಪ್ಪಲಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಕಡಿಮೆ ಮಾತು. ಸಾಹೇಬರು ತಾವೇ ಹಿಡಿಕೆ ಹಿಡಿದರು. ಅವರು ಜನ್ಮದಲ್ಲಿ ಮೊದಲ ಬಾರಿ ನೆಲ ಗುಡಿಸುತ್ತಿದ್ದಾರೆಂಬುದು ಅವರ ಮೊಣಕೈಯಿಂದಲೇ ತಿಳಿಯುತ್ತಿತ್ತು. ಕಾರ್ಪೆಟ್ಟಿನ ನಡುವೆ ಎಲ್ಲವೂ ಸೊಗಸಾಗಿ ನಡೆಯಿತು. “ನೋಡಿ ಮೇಡಂ, ನಾವು ಏನೂ ಹೇಳಬೇಕಾಗಿಲ್ಲ, ಅದಕ್ಕೇ ಗೊತ್ತು” ಎನ್ನುತ್ತ ಸಾಹೇಬರು ಅಂಚಿಗೆ ಬಂದರು.

ಕುಚ್ಚು ಒಳಗೆ ಹೋಯಿತು. ಸಾಹೇಬರು ಹಿಂದಕ್ಕೆಳೆದರು. ಜಾಣ ಬ್ರಷ್, ಅಬ್ಬಾ ಎಂಥ ಕೊಳೆ ಎಂದುಕೊಂಡಿರಬೇಕು, ಜೋರು ಮಾಡಿತು. ಸಾಹೇಬರು ಕಾಲೂರಿ ಎಳೆದರು. ಅದು ಇನ್ನೂ ಜೋರು ಮಾಡಿತು. ಕಾರ್ಪೆಟ್ಟು ಅಲೆಯಂತೆ ಎದ್ದು ಮಗುಚಿ ಯಂತ್ರದ ಬೆನ್ನಿನ ಮೇಲೆಯೇ ಬಿತ್ತು. ಗುಂಡಿ ಅದರಡಿಯಲ್ಲಿ ಮುಚ್ಚಿಹೋಯಿತು. ಕಾರ್ಪೆಟ್ಟಿನ ಮೇಲಿದ್ದ ಪುಟ್ಟ ಮೇಜು ಹೂದಾನಿಯೊಡನೆ ಸಾಹೇಬರತ್ತ ನಡೆದು ಬಂದಿತು.

“ಪ್ಲಗ್ಗು! ಯಾರಾದ್ರೂ ಪ್ಲಗ್ಗು ತೆಗೀರ್ರೋ!”

ಮೋಟಾರಣ್ಣ ಬೀರುವಿನ ಹಿಂದೆ ತೋಳು ತೂರಿಸಿ ತಡಕಾಡಿದ. ಹೂದಾನಿ ಸಾಹೇಬರ ಬೂಟಿನ ಮೇಲೆ ಉರುಳಿತು. ಸುಟ್ಟ ರಬ್ಬರಿನ ವಾಸನೆ ಸೆಂಟಿನ ವಾಸನೆಯನ್ನು ಮೊದಲ ಸಲ ಸೋಲಿಸಿತು. ಆಕೆ ಗೋಡೆಗೆ ಒರಗಿ ನೋಡುತ್ತಿದ್ದಳು. ಬಹಳ ವರ್ಷಗಳಿಂದ ಆಕೆಗೆ ಇಷ್ಟು ಸುಖವಾಗಿರಲಿಲ್ಲವೆಂದರೆ ತಪ್ಪಾಗಲಾರದು.

ಕೊನೆಗೆ ಪ್ಲಗ್ಗು ಅವನ ಕೈಗೆ ಸಿಕ್ಕಿ, ಯಂತ್ರ ಸತ್ತಂತೆ ಸುಮ್ಮನಾಯಿತು. ಸಾಹೇಬರು ಒದ್ದೆ ಕಾಲಿನಲ್ಲಿ ನಿಂತು, ಕೆಂಪು ಮುಖವನ್ನು ಆಕೆಯ ಕಡೆ ತಿರುಗಿಸಿ, “ಇದನ್ನ ಮೊದಲೇ ಹೇಳಬಾರದಿತ್ತೇನ್ರೀ?” ಎಂದರು.

“ಹೇಳಿದ್ದೆ.”

ಬೀರುವಿನ ಹಿಂದಿನಿಂದ ತೋಳು ಹೊರಗೆಳೆದುಕೊಳ್ಳುತ್ತ ಮೋಟಾರಣ್ಣ ಮೆಲ್ಲಗೆ ಹೇಳಿದ: “ಹೇಳಿದ್ರಿ ಮೇಡಂ. ನಾನೂ ಕೇಳಿಸಿಕೊಂಡೆ. ಆದ್ರೆ ಟೀ ಬಗ್ಗೆ ಹೇಳೋ ಹಾಗೇ ಹೇಳಿದ್ರಿ. ಯಾವುದಕ್ಕೆ ಓಡಬೇಕು, ಯಾವುದಕ್ಕೆ ನಗಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು?”

 ಆಕೆ ನೇರವಾಗಿ ಬೀರುವಿನ ಬಳಿಗೆ ಹೋಗಿ ತನ್ನ ಮಾದರಿಯನ್ನು ಹೊರತೆಗೆದಳು. ಯಾರನ್ನೂ ಕೇಳಲಿಲ್ಲ. ಕಾರ್ಪೆಟ್ಟಿನ ಉಳಿದ ಅಂಚನ್ನು ಹಾಸಿ, ಮಾದರಿಯನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ, ಬ್ರಷ್ಷನ್ನು ಜೋರಾಗಿ ತಿರುಗಿಸಿ, ಬೇಕೆಂದೇ ಕುಚ್ಚಿನ ಮೇಲೆ ಬಿಟ್ಟಳು. ಅದೂ ಕಚ್ಚಿತು. ಹೆಬ್ಬೆರಳು ಹಿಂದಕ್ಕೆ ಸರಿಯಿತು, ಬ್ರಷ್ ನಿಂತಿತು. ಕುಚ್ಚನ್ನು ಎರಡು ಬೆರಳಿನಲ್ಲಿ ಬಿಡಿಸಿ ಮೇಲೆದ್ದಳು.

“ನಿಮ್ಮದೂ ಕಚ್ಚಿತಲ್ಲ” ಎಂದರು ಹೋಟೆಲಿನ ಹೆಂಗಸು.

ಆಕೆ ಬಾಯಿ ತೆರೆದಳು. ಕಣ್ಣಿಲ್ಲವೇ ನಿಮಗೆ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡಳು. “ಕಚ್ಚುತ್ತೆ ಮೇಡಂ. ಬ್ರಷ್ ಅಂದ್ಮೇಲೆ ಕಚ್ಚೇ ಕಚ್ಚುತ್ತೆ. ನಾನು ಬಿಡು ಅಂದ್ರೆ ಬಿಡುತ್ತೆ. ಹಿಡಿದು ನೋಡಿ” ಎಂದಳು. ಆಕೆಯ ಬಾಯಿಂದ ಅಷ್ಟು ಮೆತ್ತಗಿನ ಮಾತು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಮೋಟಾರಣ್ಣ ತಿರುಗಿ ನೋಡಿದ.

ಹೋಟೆಲಿನ ಹೆಂಗಸು ಹಿಡಿದರು, ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. “ಇದನ್ನ ಕಳಿಸಿ” ಎಂದಷ್ಟೇ ಹೇಳಿ ಹೊರಟರು.

ಸೆಂಟು ಸಾಹೇಬರು ಬಾಗಿಲವರೆಗೆ ಹಿಂಬಾಲಿಸಿದರು. “ಬಳಸುವವರ ಕೈಗೇ ಅಧಿಕಾರ ಕೊಡಬೇಕು ಅನ್ನೋದು ಮೊದಲಿನಿಂದ್ಲೂ ನನ್ನ ಅಭಿಪ್ರಾಯ ಮೇಡಂ” ಎಂದು ಅವರು ಹೇಳುತ್ತಿದ್ದುದು ಮೆಟ್ಟಿಲಿನ ತಿರುವಿನವರೆಗೂ ಕೇಳಿಸಿತು. ಅವರ ಬೂಟು ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು.

ಅಚ್ಚನ್ನು ಕಿಂಡಿಯೊಡನೆಯೇ ಕೊರೆದರು.

ಅಚ್ಚಿನಿಂದ ಬಂದ ಮೊದಲ ಹಿಡಿಕೆಗಳಲ್ಲೊಂದನ್ನು, ಮೂತಿಯ ಸಮೇತ, ಆಕೆ ಅಕ್ಕನಿಗೆಂದು ಮನೆಗೆ ತಂದಳು. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತು, ಕೈಕಟ್ಟಿ, ಪರೀಕ್ಷೆಯ ಮೇಲ್ವಿಚಾರಕಿಯಂತೆ ನೋಡತೊಡಗಿದಳು. ಅಕ್ಕ ಹಿಡಿಕೆ ಹಿಡಿದಳು. ಹೆಬ್ಬೆರಳು ತಾನಾಗಿ ಸ್ವಿಚ್ಚಿನ ಮೇಲೆ ಕುಳಿತಿತು. ಅದನ್ನು ಕಂಡು ತಂಗಿಯ ಎದೆ ಹಗುರವಾಯಿತು. ಅಕ್ಕ ಸ್ವಿಚ್ಚನ್ನು ಹಿಂದಕ್ಕೆಳೆದು ಬ್ರಷ್ ನಿಲ್ಲಿಸಿದಳು. ಹಾಗೆಯೇ ಬರಿಯ ಗಾಳಿಯಿಂದ ಇಡೀ ಕೋಣೆಯನ್ನು ಗುಡಿಸಲು ಹೊರಟಳು.

“ತಿರುಗಿಸು ಅಕ್ಕಾ.”

“ನಂಗೆ ಬೇಡ. ಸದ್ದು.”

“ಸದ್ದೇನೇ! ಅದು ತಿರುಗೋದಕ್ಕೇ ಅಲ್ವಾ ನಾನು ಇಷ್ಟೆಲ್ಲಾ…”

“ನಿಲ್ಸೋಕೆ ಅಂತ ತಾನೇ ಈ ಸ್ವಿಚ್ಚು? ನಿಲ್ಸಿದೀನಿ. ಚೆನ್ನಾಗಿ ನಿಲ್ಲುತ್ತೆ ಕಣೇ, ಒಳ್ಳೇ ಕೆಲಸ ಮಾಡಿದೀಯ.”

ತಂಗಿಯ ಮೂಗು ಮುರಿಯಲು ಹೊರಟಿತು. ಈ ಜನಕ್ಕೆ ಏನು ಮಾಡಿಕೊಟ್ಟರೇನು! ಮೋಟಾರು, ಬಿರುಗೂದಲು, ಪೈಪಿನೊಳಗಿನ ತಂತಿ, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದರೆ ಅಧಿಕಾರ ಹೆಬ್ಬೆರಳಿಗಿರಲಿ ಎಂದವಳು ತಾನೇ. ಈಗ ನೆಲ ನೋಡುತ್ತಿದ್ದವಳು ಅಕ್ಕ. ಮೂತಿ ಕುರ್ಚಿಯ ಬಳಿಗೆ ಬಂದಿತು.

“ಅಲ್ಲಿ ಬಲಗಡೆ ಒಂದು ದಾರ ಉಳೀತು” ಎಂದಳು. “ತಿರುಗಿಸಿದ್ರೆ ಬರ್ತಿತ್ತು.”

“ಕಂಡೆ ಬಿಡು.” ಅಕ್ಕ ಬಗ್ಗಿ ಆ ದಾರವನ್ನು ಕೈಯಿಂದಲೇ ಎತ್ತಿ ಬೆರಳಿಗೆ ಸುತ್ತಿಕೊಂಡಳು. “ಕಾಲೆತ್ತು.”

ಆಕೆ ಎರಡೂ ಕಾಲುಗಳನ್ನು ಎತ್ತಿದಳು.